ಯಮನೂರಪ್ಪನ ಕೊನೆಯ ತನಿಖೆ

ಎಡವಟ್ಟು ಶುರುವಾದದ್ದು ಯಮನೂರಪ್ಪನ ಸಂತೋಷದಿಂದಲೇ. ಸಾಹೇಬರ ಫೋನು ಇಟ್ಟವನೇ ಅಂಗಳದಲ್ಲಿ ಒಂದು ಸುತ್ತು ಕುಣಿದು, ಒಳಗೆ ಅಕ್ಕಿರೊಟ್ಟಿ ಬೇಯಿಸುತ್ತಿದ್ದ ದೇವಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟ.

"ಯವ್ವಾ, ಕ್ಯಾಂಪ್ ಮುಚ್ಚತಾರಂತ! ಒಬ್ಬ ನಕ್ಸಲನೂ ಕಾಣಸವಲ್ಲ, ಇನ್ನ ಇಲ್ಲೇನು ಕೆಲಸ ಅಂದ್ರು. ನನಗ ನಮ್ಮೂರು ಇಂಡಿಗೇ ವರ್ಗ. ಮಗಳ ಮಾರಿ ಬರೇ ಫೋನಿನ್ಯಾಗ ನೋಡೂದಾಗಿತ್ತು, ಇನ್ನ ಎತ್ತಿ ಆಡಸ್ತೀನಿ."

ಕಾವಲಿಯ ಮೇಲಿನ ರೊಟ್ಟಿ ಕರಕಲಾಯಿತು. "ಒಳ್ಳೇದಾಯ್ತು ಮಗಾ" ಎಂದಳು ದೇವಮ್ಮ. ಮುಖ ಮಾತ್ರ ಹುಳಿ ಮಜ್ಜಿಗೆ ಕುಡಿದವರ ಹಾಗಿತ್ತು.

ಯಮನೂರಪ್ಪ ನಕ್ಸಲರನ್ನು ಹುಡುಕುವ ಪಡೆಯ ಪೇದೆ. ಕಡಬದಿಂದಾಚೆ ಕಾಡಿನ ಅಂಚಿನ ಕುಂಟಾಲಮೂಲೆಗೆ ಪಡೆ ಬಂದಾಗ ಮೇಲಿನವರು ಹೊಸ ಉಪಾಯ ಹೂಡಿದ್ದರು. ಟೆಂಟು ಬೇಡ, ಒಬ್ಬೊಬ್ಬರು ಒಂದೊಂದು ಮನೆಯಲ್ಲಿರಿ, ಜನರ ಜತೆ ಬೆರೆಯಿರಿ, ಸುದ್ದಿ ತಾನಾಗಿ ಬರುತ್ತದೆ ಎಂದಿದ್ದರು. ಯಮನೂರಪ್ಪ ದೇವಮ್ಮನ ಮನೆಯ ಬದಿಯ ಕೋಣೆಗೆ ಬಂದು, ಮಜ್ಜಿಗೆಯಲ್ಲಿ ಉಪ್ಪು ಬೆರೆತ ಹಾಗೆ ಬೆರೆತುಬಿಟ್ಟ. ಅರ್ಧಂಬರ್ಧ ತುಳು ಕಲಿತ. ಆನೆ ಬಂದರೆ ಗರ್ನಾಲು ಸಿಡಿಸಿ ಓಡಿಸಿದ. ಅಂಗಡಿಯ ಜೈನಬಮ್ಮ ಜಾರಿ ಬಿದ್ದಾಗ ಬೆನ್ನ ಮೇಲೆ ಹೊತ್ತು ಜೀಪಿಗೆ ಮುಟ್ಟಿಸಿದ. ಸುದ್ದಿಯೂ ಧಾರಾಳವಾಗಿ ಬಂತು. ಯಾರ ಕೋಳಿ ಯಾರ ಮನೆಯಲ್ಲಿ ಸಾರಾಯಿತು ಎಂಬುದೆಲ್ಲ ಅವನಿಗೆ ತಿಳಿಯುತ್ತಿತ್ತು. ನಕ್ಸಲರದ್ದೊಂದು ಬಿಟ್ಟು.

ಇವತ್ತು ಅದೂ ಬಂತು. ಅವನು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾಗ ದೇವಮ್ಮ ಬಾಗಿಲಲ್ಲಿ ನಿಂತಳು.

"ಮಗಾ, ಹೇಳ್ಲಿಕ್ಕೆ ಮರ್ತೇ ಹೋಯ್ತು. ಬೆಳಿಗ್ಗೆ ಮೂರು ಜನ ಬಂದಿದ್ರು. ಬೆನ್ನಿಗೆ ಚೀಲ, ಕೈಯಲ್ಲಿ ಕೋವಿ. ಅಕ್ಕಿ ಕೇಳಿದ್ರು."

"ಕೋವಿ ಹಿಡಕೊಂಡು ಬಂದದ್ದು ಮರೀತದೇನಬೇ?"

"ನಂಗೆ ಬೇರೆ ಕೆಲಸ ಇಲ್ವಾ ಮಾರಾಯ?"

ಯಮನೂರಪ್ಪ ಟ್ರಂಕಿನ ಮೇಲೆಯೇ ಕುಸಿದು ಕೂತ. ತಿಳಿಸಿದರೆ ಊರಿಗೆ ಹೋಗುವುದು ತಪ್ಪುತ್ತದೆ. ತಿಳಿಸದೆ ಹೋಗಿ, ನಾಳೆ ಈ ಮುದುಕಿಗೇ ಏನಾದರೂ ಆದರೆ? ಭಾರವಾದ ಬೆರಳಿನಲ್ಲಿ ಫೋನು ಒತ್ತಿದ.

"ಟ್ರಂಕು ಬಿಚ್ಚು. ಮಧ್ಯಾಹ್ನ ನಾನೇ ಬರ್ತೇನೆ. ಅಷ್ಟರಲ್ಲಿ ಎಲ್ಲ ವಿಚಾರಿಸಿಡು" ಎಂದರು ಸಾಹೇಬರು.

ನೆರೆಮನೆಯ ತ್ಯಾಂಪಣ್ಣ ರಬ್ಬರ್ ಹಾಲು ಸೋಸುತ್ತಿದ್ದ. "ಮೂರಲ್ಲ, ಐದು ಜನ. ಒಬ್ಬಳು ಹೆಂಗಸು. ಇಷ್ಟುದ್ದ ಗಡ್ಡ ಮಾರಾಯ್ರೆ!"

"ಯಾರಿಗೆ?"

ತ್ಯಾಂಪಣ್ಣ ಯೋಚಿಸಿದ. "ಹೆಂಗಸಿಗೆ ಅಲ್ಲ. ಅದು ಖಂಡಿತ."

ಜೈನಬಮ್ಮನ ಅಂಗಡಿಗೆ ಬರುವಷ್ಟರಲ್ಲಿ ಐವರು ಇಬ್ಬರಾಗಿದ್ದರು. "ಪಾಪದ ಮಕ್ಕಳು ಮೋನೆ" ಎಂದಳು ಜೈನಬಮ್ಮ; ಅವನನ್ನೂ ಅವಳು ಮಗನೆಂದೇ ಕರೆಯುವುದು. "ಬನ್ಸ್ ತಿಂದ್ರು, ಚಾ ಕುಡಿದ್ರು."

"ಕೋವಿ?"

"ಮೂಲೆಯಲ್ಲಿ ಇಟ್ಟೇ ತಿಂದದ್ದು. ಒಳ್ಳೆ ಮರ್ಯಾದೆ ಉಂಟು ಅವರಿಗೆ."

ಯಮನೂರಪ್ಪನಿಗೆ ಅನುಮಾನ ಹುಟ್ಟಿತು. ಅದನ್ನು ಕಂಡವನಂತೆ, ಹಿಂದೆಯೇ ಬಂದಿದ್ದ ತ್ಯಾಂಪಣ್ಣ, "ಹೆಜ್ಜೆ ಗುರುತು ತೋರಿಸ್ತೇನೆ, ಬನ್ನಿ" ಎಂದು ತೋಡಿನ ದಾರಿ ಹಿಡಿಸಿದ. ಇಳಿಜಾರಿನಲ್ಲಿ ಯಮನೂರಪ್ಪ ಜಾರಿ ಕುಂಡೆಯ ಮೇಲೆಯೇ ನೀರಿನವರೆಗೆ ತಲುಪಿದ. ಜಿಗಣೆಗಳು ಮದುವೆಮನೆಯ ನೆಂಟರ ಹಾಗೆ ಬಂದು ಮುತ್ತಿಕೊಂಡವು.

ಆದರೆ ಗುರುತು ನಿಜಕ್ಕೂ ಇತ್ತು. ಹಸಿ ಮರಳಿನಲ್ಲಿ ಸಾಲಾಗಿ ಬೂಟಿನ ಹೆಜ್ಜೆಗಳು! ಯಮನೂರಪ್ಪನ ಮೈಯ ಕೂದಲು ನಿಂತವು. ಬಂದೂಕು ಭುಜದಿಂದಿಳಿಸಿ, ಮೆಲ್ಲಗೆ ತನ್ನ ಕಾಲನ್ನು ಒಂದು ಗುರುತಿನ ಪಕ್ಕ ಊರಿದ. ಅದೇ ಅಳತೆ, ಅದೇ ಅಡಿಯ ಗೀರು. ನಿನ್ನೆ ತೊಳೆದು ಜಗಲಿಯಲ್ಲಿ ಒಣಗಲಿಟ್ಟ ತನ್ನ ಇನ್ನೊಂದು ಜೊತೆ ಬೂಟು!

ತಿರುಗಿ ನೋಡಿದರೆ ತ್ಯಾಂಪಣ್ಣ ಬಾತುಕೋಳಿಯ ಹಾಗೆ ಕುಂಟುತ್ತಾ ಇಳಿಯುತ್ತಿದ್ದ.

"ಕಾಲಿಗೇನಾತು ತ್ಯಾಂಪಣ್ಣಾ?"

"ನಿಮ್ಮ ಬೂಟು ಭಯಂಕರ ಬಿಗಿ ಮಾರಾಯ್ರೆ" ಎಂದುಬಿಟ್ಟ ತ್ಯಾಂಪಣ್ಣ. ಎಂದ ಮೇಲೆ ನಾಲಗೆ ಕಚ್ಚಿಕೊಂಡ.

ದೇವಮ್ಮನ ಅಂಗಳದಲ್ಲಿ ಮೂವರೂ ತಲೆ ತಗ್ಗಿಸಿ ನಿಂತರು.

"ನೀವು ಹೋದ್ರೆ ಆನೆ ಓಡಿಸುದು ಯಾರು?" ಎಂದ ತ್ಯಾಂಪಣ್ಣ.

"ನಿಮ್ಮ ಜೀಪು ಬರುದಕ್ಕೇ ಈ ರಸ್ತೆ ರಿಪೇರಿ ಆದದ್ದು" ಎಂದಳು ಜೈನಬಮ್ಮ.

ದೇವಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದೆಲ್ಲ ಬಿಡಿ. ನಂಗೆ ಬೆಳಿಗ್ಗೆ ಎದ್ದು ಬೈಲಿಕ್ಕೆ ಒಬ್ಬ ಜನ ಬೇಡ್ವಾ?"

ಬೈಯಬೇಕೆಂದಿದ್ದ ಯಮನೂರಪ್ಪ ಬಗ್ಗಿ ಕಾಲಿನ ಜಿಗಣೆ ಕೀಳತೊಡಗಿದ. ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು. ನಿಜ ಹೇಳಿದರೆ ತನ್ನ ವರ್ಗ ಉಳಿಯುತ್ತದೆ, ಈ ಮೂವರನ್ನು ಕಾಪಾಡಿದರಾಯಿತು ಎಂದುಕೊಂಡು ಅವನು ಸೆಲ್ಯೂಟ್ ಹೊಡೆದ.

"ಸರ್, ಯಾರೂ ಬಂದಿಲ್ರಿ. ನನ್ನ ಕಳಸಾಕ ಮನಸಿಲ್ದ ಹಂಗ ಹೇಳ್ಯಾರ. ದಯಮಾಡಿ ಕೇಸ್ ಹಾಕಬ್ಯಾಡ್ರಿ."

ಸಾಹೇಬರು ಮೂವರನ್ನೂ ಒಬ್ಬೊಬ್ಬರಾಗಿ ದಿಟ್ಟಿಸಿದರು. ಆಮೇಲೆ ಜಗಲಿಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮೊದಲು ಬಂದಾಗ ಇವರೆಲ್ಲ ನಮ್ಮನ್ನು ಕಂಡು ಬಾಗಿಲು ಹಾಕಿಕೊಳ್ತಿದ್ರು. ಈಗ ಪೊಲೀಸ್ ಹೋಗಬಾರದು ಅಂತ ಸುಳ್ಳು ಹೇಳ್ತಾರೆ! ನನ್ನ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ."

"ಹಂಗಾರ ನಾ ಹೊರಡ್ಲೇನ್ರಿ ಸರ್?"

"ಎಲ್ಲಿಗೆ? ಉಳಿದವರು ಹೋಗ್ತಾರೆ. ನೀನು ಇಲ್ಲೇ. ಹೊಸ ಹುಡುಗರನ್ನು ಕಳಿಸ್ತೇನೆ, ಜನರ ಜತೆ ಹೇಗಿರಬೇಕು ಅಂತ ಕಲಿಸು."

ಸುಳ್ಳು ನಂಬಿದ್ದರೂ ಉಳಿಯಬೇಕಿತ್ತು, ಬಯಲು ಮಾಡಿದ್ದಕ್ಕೂ ಉಳಿದದ್ದಾಯಿತು. ಜೀಪು ಹೋದ ಮೇಲೆ ಯಮನೂರಪ್ಪ ಧೈರ್ಯ ಮಾಡಿ ಹೆಂಡತಿಗೆ ಫೋನು ಹಚ್ಚಿದ.

"ಶಿವಲೀಲಾ, ಸಿಟ್ಟಾಗಬ್ಯಾಡ..."

"ಸಿಟ್ಟ್ಯಾಕ? ದೇವಮ್ಮಾರು ದಿನಾ ಕೂಸಿನ ಸುದ್ದಿ ಕೇಳತಾರಲ್ಲ, ಇವತ್ತ ಮುಂಜಾನೆ ಫೋನ್ ಮಾಡಿ, ಅವ ಎಲ್ಲೂ ಹೋಗೂದಿಲ್ಲ, ನೀನೇ ಬಾ ಅಂದ್ರು. ಕೂಸಿನ್ನ ಕರಕೊಂಡು ಬಸ್ಸಿನ್ಯಾಗ ಕುಂತೀನಿ, ಹುಬ್ಬಳ್ಳಿ ಬಂತು. ಹೆಸರಿಡೂದೂ ಅಲ್ಲೇ ಅಂತ. ಆ ಊರಾವ್ರೆಲ್ಲಾ ಕೂಡಿ ಸುರಕ್ಷಾ ಅಂತ ಹೆಸರೂ ಆರಿಸ್ಯಾರ."

"ನನ್ನ ಒಂದು ಮಾತು ಕೇಳಲಿಲ್ಲಲ್ಲ!"

"ಹೆಂಗ ಕೇಳೂದ್ರೀ? ನೀವು ತನಿಖಿಗೆ ಹೋಗಿದ್ರಂತ."