ಎಣ್ಣೆ ಹಾಕಿದ ನೆನಪು

ಸಿಟ್ಟು ಬಂದಾಗ ನನ್ನ ಜ್ಞಾಪಕಶಕ್ತಿ ಹರಿತವಾಗುತ್ತದೆ. ಬೇರೆ ಹೊತ್ತಿನಲ್ಲಿ ಕನ್ನಡಕ ಎಲ್ಲಿಟ್ಟೆ, ಕಾರು ಎಲ್ಲಿ ನಿಲ್ಲಿಸಿದೆ, ಆಫೀಸಿನಲ್ಲಿ ಎದುರಿಗೆ ಕೂತವನ ಹೆಸರೇನು ಎಂಬುದೊಂದೂ ತಲೆಯಲ್ಲಿ ನಿಲ್ಲುವುದಿಲ್ಲ. ಹೆಸರಿನ ವಿಷಯದಲ್ಲಿ ತಪ್ಪು ಪೂರ್ತಿ ನನ್ನದಲ್ಲ; ಡಾಟ್‌ಕಾಮ್‌ಗಳು ಮೆರೆಯುತ್ತಿರುವ ಈ ವರ್ಷಗಳಲ್ಲಿ ಎದುರಿಗೆ ಕೂತವನು ಹೆಸರು ಬಾಯಿಗೆ ಬರುವಷ್ಟರಲ್ಲಿ ಇನ್ನೊಂದು ಕಂಪನಿಗೆ ಹಾರಿರುತ್ತಾನೆ. ಆದರೆ ಸಿಟ್ಟು ಬರಲಿ, ಯಾರು ಎಲ್ಲಿ ನಿಂತು ಯಾವ ಅಂಗಿ ತೊಟ್ಟು ಏನೆಂದರು ಎಂಬುದೆಲ್ಲ ಕಣ್ಣಿಗೆ ಕಟ್ಟುತ್ತದೆ. ಪುರಾವೆಯಿಲ್ಲದೆ ಯಾರನ್ನೂ ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಆ ಪಟ್ಟಿಯಲ್ಲಿ ನಾನೂ ಇದ್ದೇನೆಂದು ಅಲ್ಲಿ ಯಾರೂ ಹೇಳಿರಲಿಲ್ಲ.

ಸ್ಯಾನ್ ಹೊಸೆಯಲ್ಲಿ ಹಿಮ ಬೀಳುವುದಿಲ್ಲ. ಬೆರ್ರಿಯೆಸಾದ ನಮ್ಮ ಬೀದಿಯಲ್ಲಿ ಜನವರಿಯಲ್ಲೂ ನಿಂಬೆಗಿಡ ಕಾಯಿ ಬಿಡುತ್ತದೆ. ಅಂಥ ಊರಿನಲ್ಲಿ ನಾನು ಸ್ನೋ ಬ್ಲೋವರು, ಅಂದರೆ ಹಿಮವನ್ನು ಎತ್ತಿ ಆಚೆಗೆ ಎಸೆಯುವ ಯಂತ್ರ, ಕೊಂಡವನು. ನಾವು ಮೂರು ಕನ್ನಡದ ಕುಟುಂಬಗಳು ಸೇರಿ ನಾಲ್ಕು ಗಂಟೆ ದೂರದ ಬೆಟ್ಟದಲ್ಲಿ ಒಂದು ಮರದ ಮನೆಯನ್ನು ಚಳಿಗಾಲಕ್ಕೆಂದು ಬಾಡಿಗೆಗೆ ಹಿಡಿದಿದ್ದೆವು. ಮನೆಯ ಮುಂದಿನ ಹಿಮ ನೀವೇ ತೆಗೆದುಕೊಳ್ಳಬೇಕು ಎಂದು ಮಾಲೀಕರ ಷರತ್ತು. ಸರಿ, ಯಂತ್ರ ಬಂತು. ಅದನ್ನು ಜೋಡಿಸುವ ಹೊಣೆ ಎಂ.ಟೆಕ್ ಮಾಡಿದವನೆಂದು ನನಗೆ, ಸಾಗಿಸುವ ಹೊಣೆ ಪಿಕಪ್ ಟ್ರಕ್ಕು ಇದೆಯೆಂದು ಲೋಕೇಶನಿಗೆ. ಲೋಕೇಶ ಮಂಡ್ಯದ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ಯಂತ್ರಗಳ ವಿಷಯದಲ್ಲಿ ನನಗಿಂತ ಹತ್ತು ಪಾಲು ಬಲ್ಲವನು ಎಂಬುದನ್ನು ಆಗ ಯಾರೂ ಗಮನಿಸಲಿಲ್ಲ, ನಾನಂತೂ ಗಮನಿಸಲಿಲ್ಲ.

ಪೆಟ್ಟಿಗೆ ಒಡೆದೆ. ಹಿಡಿ ಬೇರೆ, ಹಿಮ ಉಗುಳುವ ಕೊಳವೆ ಬೇರೆ, ನಟ್ಟು ಬೋಲ್ಟುಗಳ ಪೊಟ್ಟಣ ಬೇರೆ. ಮ್ಯಾನ್ಯುಯಲ್ಲಿನ ಚಿತ್ರದಲ್ಲಿ ಎಡಕ್ಕಿದ್ದದ್ದು ನನ್ನ ಗ್ಯಾರೇಜಿನಲ್ಲಿ ಬಲಕ್ಕಿತ್ತು. ಎರಡು ಶನಿವಾರ ಅದರ ಜೊತೆ ಜಗಳವಾಡಿ ಕೊಳವೆಯನ್ನು ಕೂರಿಸಿದೆ. ಅದು ನನ್ನ ಮುಖಕ್ಕೇ ತಿರುಗಿ ಕೂತಿತು. ಮೂರನೇ ಶನಿವಾರ ಸರಿಹೋಯಿತು. ಎಂಜಿನ್ನಿನಲ್ಲಿ ಎಣ್ಣೆ ಇಲ್ಲ, ಹಾಕದೆ ಚಾಲೂ ಮಾಡಬೇಡಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಎಣ್ಣೆಯ ಬಾಟಲಿ ತಂದು ಪಕ್ಕದಲ್ಲೇ ಇಟ್ಟೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ನನ್ನ ಹೆಂಡತಿ ಸುಮಾ ಕಾರು, ಕಂಪ್ಯೂಟರು, ಹುಲ್ಲು ಕತ್ತರಿಸುವ ಮಷೀನು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು, ಹೊಸ ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿದಳು. ಯಂತ್ರಕ್ಕೆ ಕುಂಕುಮದಿಂದ ಏನು ಪ್ರಯೋಜನ ಎಂದು ನಾನೊಂದು ಸಣ್ಣ ಭಾಷಣ ಮಾಡಿದೆ.

"ಭಾಷಣ ಆಯ್ತಾ? ಇವತ್ತು ಇವುಗಳನ್ನ ಯಾರೂ ಮುಟ್ಟೋ ಹಾಗಿಲ್ಲ. ಕೆಲಸ ಏನಿದ್ರೂ ನಾಳೆ," ಎಂದಳು.

ಮರುದಿನ ಎಣ್ಣೆ ಹಾಕಿದೆ. ಆಲಿಕೆ ಹಿಡಿದದ್ದು, ಜೇನಿನಂತೆ ಎಣ್ಣೆ ಇಳಿದದ್ದು, ಹಳೆಯ ಬನಿಯನ್ನಿಗೆ ಕೈ ಒರೆಸಿಕೊಂಡದ್ದು ಎಲ್ಲ ನನಗೆ ಸ್ಪಷ್ಟವಾಗಿ ನೆನಪಿತ್ತು.

ಡಿಸೆಂಬರಿನಲ್ಲಿ ಲೋಕೇಶ ಯಂತ್ರವನ್ನು ಟ್ರಕ್ಕಿನಲ್ಲಿ ಹೇರಿಕೊಂಡು ಬೆಟ್ಟಕ್ಕೆ ತಂದ. ಸೊಂಟದೆತ್ತರ ಹಿಮ. ಮೂರು ಮನೆಯವರೂ ಟೊಪ್ಪಿಗೆ ಹಾಕಿಕೊಂಡು ನೋಡಲು ನಿಂತರು. ಯಂತ್ರ ಗುಡುಗಿತು, ಹತ್ತು ನಿಮಿಷ ಹಿಮವನ್ನು ಕಾರಂಜಿಯಂತೆ ಎಸೆಯಿತು, ಆಮೇಲೆ ಕಿರುಚಿ ನಿಂತಿತು. ಎಂಜಿನ್ ಸೀಜ್ ಆಗಿ ಒಳಗೇ ಬಿಗಿದುಕೊಂಡಿತ್ತು. ಲೋಕೇಶ ಎಣ್ಣೆ ಅಳೆಯುವ ಕಡ್ಡಿ ಎತ್ತಿ ನೋಡಿ, "ಸಾರ್, ಎಣ್ಣೆನೇ ಇಲ್ವಲ್ಲ," ಎಂದ.

ನನಗೆ ಸಿಟ್ಟು ನೆತ್ತಿಗೇರಿತು. "ನಾನು ತುಂಬಿಸಿ ಕೊಟ್ಟಿದ್ದೀನಿ ಕಣಯ್ಯ. ನೀನು ಟ್ರಕ್ಕಲ್ಲಿ ಮಲಗಿಸ್ಕೊಂಡು ಬಂದಿದ್ದೀಯ, ಎಲ್ಲ ಚೆಲ್ಲಿಹೋಗಿದೆ."

"ಇಲ್ಲ ಸಾರ್, ಹಗ್ಗ ಕಟ್ಟಿ ನಿಲ್ಸ್ಕಂಡೇ ತಂದಿವ್ನಿ."

"ಹಾಗಾದ್ರೆ ಎಣ್ಣೆ ಆವಿಯಾಗಿಹೋಯ್ತಾ?"

ಬನಿಯನ್ನಿನ ತೂತಿನ ಸಮೇತ ಎಲ್ಲವನ್ನೂ ವರ್ಣಿಸಿದೆ. ಅಷ್ಟು ವಿವರದ ಮುಂದೆ ಯಾರು ತಾನೇ ನಿಲ್ಲುತ್ತಾರೆ? ಅವನ ಹೆಂಡತಿ ಅವನ ಮುಖ ನೋಡಿದಳು. ಅವನು ತನ್ನ ಬೂಟು ನೋಡಿಕೊಂಡ. "ಇರ್ಬೋದು ಸಾರ್. ತಿರುವಲ್ಲೆಲ್ಲಾದ್ರೂ ವಾಲ್ಕಂಡಿರ್ಬೋದು," ಎಂದ. ಆ ದಿನ ಗಂಡಸರೆಲ್ಲ ಸಲಿಕೆ ಹಿಡಿದೆವು. ಪ್ರತಿ ಸಲಿಕೆಗೂ ನಾನು ಲೋಕೇಶನಿಗೆ ಒಂದೊಂದು ಚುಚ್ಚುಮಾತು ಆಡಿದೆ. ಮನೆಗೆ ಮರಳಿದ ಮೇಲೆ ಲೋಕೇಶ ಯಂತ್ರವನ್ನು ತನ್ನ ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಕೂತ. ಆ ಚಳಿಗಾಲದ ಶನಿವಾರಗಳೆಲ್ಲ ಅದಕ್ಕೇ ಹೋದವು. ಬೆಟ್ಟಕ್ಕೆ ಅವನು ಮತ್ತೆ ಬರಲಿಲ್ಲ. ಹಬ್ಬಕ್ಕೆ ಕರೆದರೂ ಹೆಂಡತಿಯನ್ನಷ್ಟೇ ಕಳಿಸುತ್ತಿದ್ದ.

ಮುಂದಿನ ಆಯುಧಪೂಜೆಗೆ ಗ್ಯಾರೇಜು ಗುಡಿಸುತ್ತಿದ್ದಾಗ ಹುಲ್ಲಿನ ಮಷೀನಿನ ಹಿಂದೆ ಬಾಟಲಿ ಸಿಕ್ಕಿತು. ಮುಚ್ಚಳದ ಸೀಲು ಒಡೆದಿರಲಿಲ್ಲ. ಸೀಲಿನ ಮೇಲೆ ಹೋದ ವರ್ಷದ ಕುಂಕುಮ, ಅದಕ್ಕಂಟಿದ ಒಣ ಚೆಂಡುಹೂವಿನ ಎಸಳು. ಆಗ ಹೊಳೆಯಿತು: ಆಲಿಕೆ, ಜೇನಿನಂಥ ಎಣ್ಣೆ, ಬನಿಯನ್ನು ಎಲ್ಲವೂ ನಿಜ. ಆದರೆ ಅದು ಬೇಸಿಗೆಯಲ್ಲಿ ಹುಲ್ಲಿನ ಮಷೀನಿಗೆ ಹಾಕಿದ್ದು. ಹೊಸ ಯಂತ್ರದ ಕೆಲಸವನ್ನು ಪೂಜೆಯ ನೆಪದಲ್ಲಿ ನಾಳೆಗೆ ದೂಡಿದ್ದೆ. ಪೂಜೆಯನ್ನು ನಂಬದವನು ಅದು ಕೊಟ್ಟ ರಜೆಯನ್ನು ಮಾತ್ರ ಭಕ್ತಿಯಿಂದ ಆಚರಿಸಿದ್ದೆ, ಒಂದು ವರ್ಷದವರೆಗೂ.

ಅಂದೇ ಲೋಕೇಶನ ಮನೆಗೆ ಹೋದೆ. ಬಾಟಲಿ ಕೈಗಿಟ್ಟು, "ತಪ್ಪು ನಂದು ಕಣಯ್ಯ, ನಾನು ಎಣ್ಣೆನೇ ಹಾಕಿರ್ಲಿಲ್ಲ," ಎಂದೆ. ಅವನು ಬಾಟಲಿ ಅಲ್ಲಾಡಿಸಿದ. ಹೆಬ್ಬೆರಳಿನಿಂದ ಕುಂಕುಮ ಕೆರೆದ. ತಲೆಯಾಡಿಸಿದ.

"ಇಲ್ಲ ಸಾರ್. ನೀವು ಎರಡು ಬಾಟ್ಲಿ ತಂದಿರ್ಬೇಕು. ಟ್ರಕ್ಕಲ್ಲಿ ಎಣ್ಣೆ ಚೆಲ್ಲಿತ್ತು, ಇಷ್ಟಗಲ ಕಲೆ. ನನ್ ಕೈಯಾರೆ ಸೋಪಾಕಿ ತೊಳ್ದಿವ್ನಿ."

"ಚೆಲ್ಲೋಕೆ ಎಣ್ಣೆನೇ ಇರ್ಲಿಲ್ವಲ್ಲೋ."

"ನಂಗೆ ಚೆನ್ನಾಗಿ ಗ್ಯಾಪ್ಕ ಐತೆ ಸಾರ್. ನೀವು ಸುಮ್ನೆ ನನ್ ಮೇಲಿನ ಕನಿಕರಕ್ಕೆ ಯೋಳ್ತಿದ್ದೀರಿ."

ನನ್ನ ಸಿಟ್ಟು ಎಷ್ಟು ಬಲವಾಗಿತ್ತೆಂದರೆ, ಇಲ್ಲದ ಎಣ್ಣೆಯ ಇಲ್ಲದ ಕಲೆಯನ್ನು ಒಬ್ಬ ಒಳ್ಳೆಯ ಮನುಷ್ಯ ತಿಕ್ಕಿ ತೊಳೆದಿದ್ದ. ಅರ್ಧ ಗಂಟೆ ವಾದಿಸಿದೆ. ಅವನು ಕಾಫಿ ಕೊಟ್ಟು, ನನ್ನನ್ನೇ ಸಮಾಧಾನ ಮಾಡಿ ಕಳಿಸಿದ.

ಮನೆಗೆ ಬಂದು ಸುಮಾಳಿಗೆ ಎಲ್ಲವನ್ನೂ ಹೇಳಿದೆ. ಬಾಟಲಿ ನೋಡಿದರೂ ಅವನು ಒಪ್ಪಲಿಲ್ಲ ಎಂದೆ.

"ಯಾವ ಬಾಟ್ಲಿ ರೀ? ಅದು ಇಲ್ಲೇ ವಾಷಿಂಗ್ ಮಷೀನ್ ಮೇಲಿದೆ. ನೀವು ಬರೀ ಕೈಯಲ್ಲಿ ಹೋದ್ರಿ."

ಹೋಗಿ ನೋಡಿದೆ. ಇತ್ತು. ಕುಂಕುಮವೂ ಎಸಳೂ ಇದ್ದ ಹಾಗೇ ಇದ್ದವು. ಲೋಕೇಶನ ಹೆಬ್ಬೆರಳು ಕೆಂಪಾಗಿದ್ದದ್ದು ನನಗೆ ಈಗಲೂ ಕಾಣುತ್ತಿದೆ.

ನಾಳೆ ಬೆಳಿಗ್ಗೆ ಮತ್ತೆ ಹೋಗುತ್ತೇನೆ. ಈ ಸಲ ಬಾಟಲಿಯನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿಯೇ ಒಳಗೆ ಬಂದಿದ್ದೇನೆ. ಸುಮಾ ಎದ್ದು, ಯಾವುದಕ್ಕೂ ಒಂದು ಸಲ ನೋಡಿಕೊಂಡು ಬರುತ್ತೇನೆ ಎಂದು ಗ್ಯಾರೇಜಿನ ಕಡೆ ಹೊರಟಿದ್ದಾಳೆ. ನನಗೆ ಸಿಟ್ಟು ಬರುತ್ತಿದೆ.