ಹೆಣ್ಣು ಮಗುವಿನ ನಡುಹೆಸರಿನ ಚೌಕವನ್ನು ಭರ್ತಿ ಮಾಡುವ ಕುರಿತು

ಜನನ ನೋಂದಣಿ ಶಾಖೆ
ಸುತ್ತೋಲೆ ಸಂಖ್ಯೆ: ಜನೋ/ನಡು/ಖಾಲಿ/ಕಿಟಕಿ-3
ದಿನಾಂಕ: ಜಗಳದ ಮರುದಿನ

ವಿಷಯ: ಹೆಣ್ಣು ಮಗುವಿನ ನಡುಹೆಸರು ಆರಿಸುವಾಗ ಕುಟುಂಬದವರು ಮತ್ತು ಸಿಬ್ಬಂದಿ ಪಾಲಿಸಬೇಕಾದ ಶಿಸ್ತು.

ಉಲ್ಲೇಖ:
(ಅ) “ನಿಮ್ಮ ಚೌಕಾನ ನೀವೇ ಇಟ್ಕೊಳ್ಳಿ ಮಾವ, ದಿಂಬಿನ ಕೆಳಗೆ ಇಟ್ಕೊಂಡು ಮಲಗಿ.” – ಮಗುವಿನ ತಾಯಿಯ ಮೌಖಿಕ ಮನವಿ.
(ಆ) “ಧ್ವನಿ ತಗ್ಗಿಸಮ್ಮ, ಇದು ಕಚೇರಿ.” – ಶಾಖೆಯ ಮೇಲ್ವಿಚಾರಕರ ಮೌಖಿಕ ಆದೇಶ (ಇನ್ನೂ ದೊಡ್ಡ ಧ್ವನಿಯಲ್ಲಿ).
(ಇ) “ಇಬ್ಬರೂ ಒಂಚೂರು...” – ಮಗುವಿನ ತಂದೆಯ ಹೇಳಿಕೆ. ಅಪೂರ್ಣ.

ಮೇಲೆ ಉಲ್ಲೇಖಿಸಿದ ಮಾತುಗಳು ನಿನ್ನೆ ಈ ಶಾಖೆಯ ಮೂರನೇ ಕಿಟಕಿಯ ಬಳಿ ಸಾರ್ವಜನಿಕರ ಸಮಕ್ಷಮದಲ್ಲಿ ಆಡಲ್ಪಟ್ಟಿವೆ. ಕೆಲಸ ಮುಗಿದವರೂ ಮನೆಗೆ ಹೋಗದೆ, ಗೋಡೆಗೆ ಒರಗಿ ನಿಂತು ಕೇಳಿದ್ದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಜಗಳವಾಡಿದ ಮಾವನು ಈ ಶಾಖೆಯ ಮೇಲ್ವಿಚಾರಕರೇ ಆಗಿದ್ದು, ಸೊಸೆಯು ಅರ್ಜಿದಾರಳಾಗಿರುತ್ತಾಳೆ. ನೋಂದಣಿ ಅರ್ಜಿಯಲ್ಲಿ ಹೆಸರಿಗೆ ಮೂರು ಚೌಕಗಳಿವೆ. ಮೊದಲ ಚೌಕದ ಬಗ್ಗೆ ತಕರಾರಿಲ್ಲ. ಕೊನೆಯದು ಮನೆತನದ್ದು, ಅದನ್ನು ಯಾರೂ ಕೇಳುವುದೇ ಇಲ್ಲ. ನಡುವಿನ ಚೌಕದಲ್ಲಿ ತಮ್ಮ ತೀರಿಹೋದ ಪತ್ನಿಯ ಹೆಸರು ಇರತಕ್ಕದ್ದೆಂದು ಮೇಲ್ವಿಚಾರಕರೂ, ತನ್ನ ತಾಯಿಯ ಹೆಸರೇ ಇರತಕ್ಕದ್ದೆಂದು ಸೊಸೆಯೂ ಪಟ್ಟು ಹಿಡಿದಿದ್ದಾರೆ. ಸೊಸೆಯ ಸದರಿ ತಾಯಿಯು ಮನೆಯಲ್ಲೇ ಬಟ್ಟೆ ಹೊಲಿದು ಜೀವನ ಮಾಡುವವರಾಗಿದ್ದು, ಬಾಣಂತನ ಶುರುವಾದಾಗಿನಿಂದ ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡಿರುತ್ತಾರೆ.

ಇಂತಹ ಪ್ರಸಂಗ ಮರುಕಳಿಸಬಾರದೆಂದು ಸಕಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ನಡುವಿನ ಚೌಕವನ್ನು ಖಾಲಿ ಬಿಡತಕ್ಕದ್ದಲ್ಲ. ಈ ನಿಯಮವನ್ನು ಮೇಲ್ವಿಚಾರಕರೇ ಜಾರಿಗೆ ತಂದಿದ್ದಾರೆ. ಆಮೇಲೆ ಯೋಚಿಸಿ ಹೇಳುತ್ತೇವೆ ಎಂದವರಿಗೆ “ಹಾಗಾದ್ರೆ ‘ಆಮೇಲೆ’ ಅಂತಾನೇ ಬರ್ಕೊಳ್ಲಾ?” ಎಂದು ಅವರು ಕಿಟಕಿಯಿಂದ ಗದರುತ್ತ ಬಂದಿರುತ್ತಾರೆ. ಹೆದರಿ, ಎದುರಿನ ಔಷಧಿ ಅಂಗಡಿಯ ಬೋರ್ಡು ನೋಡಿ ಮಗಳ ನಡುಹೆಸರು ಓದಿಹೇಳಿದ ತಂದೆಯರೂ ಇದ್ದಾರೆ. ಅಂಗಡಿಯ ಬೋರ್ಡನ್ನು ಪಕ್ಕಕ್ಕೆ ತಿರುಗಿಸಲು ಮಾಲೀಕರಿಗೆ ತಿಳಿಸಲಾಗಿದೆ.

2. ಒಂದು ಚೌಕದಲ್ಲಿ ಎರಡು ಹೆಸರು ತುರುಕತಕ್ಕದ್ದಲ್ಲ. ಕಾಗದ ಉಳಿಸುವ ಸಲುವಾಗಿ ಈ ಚೌಕವನ್ನು ಕಿರಿದು ಮಾಡಿಸಿದವರೂ ಮೇಲ್ವಿಚಾರಕರೇ. ನಿನ್ನೆ ಮಗುವಿನ ತಂದೆಯು ಸಣ್ಣ ಅಕ್ಷರದಲ್ಲಿ ಒಂದರ ಮೇಲೊಂದು ಬರೆದು ನೋಡಿದ್ದು, ಕೆಳಗಿರುವ ಅಜ್ಜಿ ಯಾರು ಎಂಬ ಪ್ರಶ್ನೆ ಎದ್ದುದರಿಂದ ಆ ಅರ್ಜಿಯನ್ನು ಹರಿಯಲಾಯಿತು. ಎರಡೂ ಹೆಸರನ್ನು ಅರ್ಧರ್ಧ ಸೇರಿಸಿದಾಗ ಹೊಟ್ಟೆನೋವಿನ ಮಾತ್ರೆಯ ಹೆಸರಿನಂತೆ ಕೇಳಿಸಿತೆಂದು ಕಿಟಕಿಯ ಗುಮಾಸ್ತೆ ವರದಿ ಮಾಡಿದ್ದಾರೆ. ಅದನ್ನೂ ಹರಿಯಲಾಯಿತು. ಹರಿದವರು ಬೇರೆ ಬೇರೆ.

3. ಪೆನ್ಸಿಲ್ ಬಳಸತಕ್ಕದ್ದಲ್ಲ. ಪೆನ್ಸಿಲಿನಲ್ಲಿ ಬರೆಯುವವರಿಗೆ ಮನಸ್ಸು ಬದಲಾಯಿಸುವ ಇರಾದೆ ಇರುತ್ತದೆ. ಮನಸ್ಸು ಬದಲಾಯಿಸಲು ಈ ಕಚೇರಿಯಲ್ಲಿ ಅವಕಾಶವಿರುವುದಿಲ್ಲ.

4. ಅಜ್ಜಿಯರ ಅರ್ಹತೆ. “ಅತ್ತೆ ಮೇಲೆ ನಂಗೂ ಗೌರವ ಇದೆ. ಆದ್ರೆ ಇವಳನ್ನ ಎತ್ಕೊಂಡು ಓಡಾಡ್ತಿರೋದು ನಮ್ಮಮ್ಮ” ಎಂದು ಸೊಸೆ ವಾದಿಸಿದ್ದು, “ಎತ್ಕೊಂಡವರ ಹೆಸರೆಲ್ಲ ಇಡ್ತಾ ಹೋದ್ರೆ ಆಸ್ಪತ್ರೆ ಆಯಾ ಹೆಸರನ್ನೂ ಇಡಬೇಕು” ಎಂದು ಮೇಲ್ವಿಚಾರಕರು ತಳ್ಳಿಹಾಕಿದ್ದಾರೆ. ಆದ್ದರಿಂದ ಮಗುವನ್ನು ಎತ್ತಿಕೊಳ್ಳುವುದನ್ನು ಅರ್ಹತೆಯೆಂದು ಪರಿಗಣಿಸಲಾಗುವುದಿಲ್ಲ.
ಮೇಲ್ವಿಚಾರಕರ ಪತ್ನಿ ಈ ಮಗುವನ್ನು ನೋಡಿಯೇ ಇರುವುದಿಲ್ಲ. ಅದನ್ನೇ ಅವರು ಅರ್ಹತೆಯಾಗಿ ಮಂಡಿಸಿದರು. “ಅವಳಿಗೆ ಎತ್ಕೊಳ್ಳೋಕೆ ಸಿಗಲಿಲ್ಲ. ಕಾಗದದಲ್ಲಾದ್ರೂ ಮಗು ಪಕ್ಕ ಇರಲಿ ಅಂತ.” ಜಗಳದ ಉಳಿದೆಲ್ಲ ಮಾತು ಬೀದಿಗೆ ಕೇಳಿಸಿದ್ದರೂ ಈ ಮಾತನ್ನು ಮೇಜಿನ ಕಡೆ ಮುಖ ಮಾಡಿ ಆಡಿದ್ದರಿಂದ ಸೊಸೆಗೆ ಕೇಳಿಸಿರುವುದಿಲ್ಲ. ಇನ್ನು ಮುಂದೆ ಮುಖ್ಯವಾದ ಮಾತನ್ನು ಕಿಟಕಿಯಾಚೆಗೂ ಕೇಳಿಸುವಂತೆ ಆಡತಕ್ಕದ್ದು.

5. ಮಗುವಿನ ತಂದೆಯಂದಿರು ಜಗಳ ನಡೆಯುವಾಗ ಫ್ಯಾನ್ ನೋಡತಕ್ಕದ್ದಲ್ಲ. ಫ್ಯಾನ್ ಕೆಟ್ಟು ನಿಂತಿದ್ದು, ಅದರಲ್ಲಿ ನೋಡುವಂಥದ್ದೇನೂ ಇರುವುದಿಲ್ಲ.

6. ಮಗುವಿನ ಅಭಿಪ್ರಾಯ. ಸಾಲಿನಲ್ಲಿದ್ದ ಹಿರಿಯರೊಬ್ಬರ ಸಲಹೆಯಂತೆ ಎರಡೂ ಹೆಸರನ್ನು ಮಗುವಿನ ಕಿವಿಯ ಬಳಿ ಕೂಗಿ ನೋಡಲಾಯಿತು. ಒಂದಕ್ಕೆ ಆಕಳಿಸಿತು. ಇನ್ನೊಂದಕ್ಕೆ ಬಿಕ್ಕಳಿಸಿತು. ಇದರಲ್ಲಿ ಯಾವುದು ಸಮ್ಮತಿ ಎಂಬ ಬಗ್ಗೆ ಸಾಲಿನಲ್ಲಿದ್ದವರು ಎರಡು ಪಂಗಡವಾದ್ದರಿಂದ ಮಗುವಿನ ಅಭಿಪ್ರಾಯವನ್ನು ರದ್ದುಪಡಿಸಲಾಗಿದೆ. ವಿಚಾರಣೆಯ ನಡುವೆ ಮಗುವು ತಾತನ ಜೇಬಿಗೆ ಕೈಹಾಕಿ ಪೆನ್ನಿನ ಮುಚ್ಚಳವನ್ನು ಕಿತ್ತುಕೊಂಡಿದ್ದು, ಅದು ಕಚೇರಿಯ ಆಸ್ತಿಯಾಗಿರುತ್ತದೆ. ಮೇಲ್ವಿಚಾರಕರು ಅದನ್ನು ವಾಪಸು ಕೇಳದೆ ಇನ್ನೊಂದು ಸಲ ಬಗ್ಗಿ ಜೇಬು ತೋರಿಸಿದ್ದು ಕರ್ತವ್ಯಲೋಪವಾಗಿರುತ್ತದೆ.

7. ಅರ್ಜಿದಾರರು ಅರ್ಜಿಯನ್ನು ಅರ್ಧಕ್ಕೆ ಬಿಟ್ಟು ಹೋಗತಕ್ಕದ್ದಲ್ಲ. ಸೊಸೆಯು “ಖಾಲಿ ಬಿಡೋ ಹಾಗಿಲ್ಲ ಅಂದ್ರೆ ನೋಂದಣೀನೇ ಬೇಡ ಬಿಡಿ. ನಮ್ಮಮ್ಮ ಕರೆದ್ರೆ ತಿರುಗಿ ನೋಡ್ತಾಳಲ್ಲ, ನಂಗಷ್ಟು ಸಾಕು” ಎಂದು ಹೇಳಿ, ಮಗುವನ್ನೂ ಮಗುವಿನ ಮುಷ್ಟಿಯಲ್ಲಿದ್ದ ಮುಚ್ಚಳವನ್ನೂ ಎತ್ತಿಕೊಂಡು ತವರಿಗೆ ಹೋಗಿರುತ್ತಾಳೆ. ಮಗುವಿನ ತಂದೆಯು ಚೀಲ ಹಿಡಿದುಕೊಂಡು ಹಿಂದೆಯೇ ಹೋಗಿದ್ದಾನೆ. ಮೇಲ್ವಿಚಾರಕರ ಮನೆಯ ಹಗ್ಗದ ಮೇಲೆ ಮಗುವಿನ ಬಟ್ಟೆಗಳು ಒಣಗಿ ಗರಿಗರಿಯಾಗಿವೆ. ಅಷ್ಟು ಚಿಕ್ಕ ಅಂಗಿಯನ್ನು ಮಡಿಚುವ ವಿಧಾನದ ಬಗ್ಗೆ ಯಾವ ನಿಯಮಾವಳಿಯಲ್ಲೂ ವಿವರಣೆ ದೊರೆತಿರುವುದಿಲ್ಲವೆಂದು ಅವರು ಬೆಳಿಗ್ಗೆ ಗುಮಾಸ್ತೆಗೆ ತಿಳಿಸಿದ್ದಾರೆ. ಅಂಗಿಯು ಅವರ ಜೇಬಿನಲ್ಲಿತ್ತು.

8. ಮುಚ್ಚಳವಿಲ್ಲದ ಕಾರಣ ಮೇಲ್ವಿಚಾರಕರ ಪೆನ್ನು ಒಣಗಿರುತ್ತದೆ. ಕಪಾಟಿನಲ್ಲಿ ಹೊಸ ಪೆನ್ನುಗಳಿದ್ದರೂ ಅವರಿಗೆ ಅವು ಒಗ್ಗುವುದಿಲ್ಲವೆಂದು ತಿಳಿದುಬಂದಿದೆ. ಮುಚ್ಚಳ ಬರುವತನಕ ಈ ಶಾಖೆಯಲ್ಲಿ ಯಾವ ಮಗುವಿನ ಅರ್ಜಿಗೂ ಸಹಿ ಬೀಳುವಂತಿಲ್ಲ. ಕಚೇರಿಯ ಆಸ್ತಿಯನ್ನು ವಸೂಲು ಮಾಡಲು ಜವಾನನನ್ನು ಕಳಿಸುವುದು ವಾಡಿಕೆಯಾದರೂ, ಈ ಮುಚ್ಚಳದ ವಿಷಯದಲ್ಲಿ ಜವಾನನು ಸಾಲುವುದಿಲ್ಲವೆಂದು ಅಭಿಪ್ರಾಯಪಡಲಾಗಿದೆ.

9. ಈ ಸುತ್ತೋಲೆಯ ಕರಡನ್ನು ಸಹಿಗಾಗಿ ಮೇಲ್ವಿಚಾರಕರ ಮುಂದಿಟ್ಟಾಗ ಅವರು ನಾಲ್ಕನೇ ಕಂಡಿಕೆಯನ್ನು ಓದಿ, “ಇದನ್ನೆಲ್ಲ ಯಾರು ಬರಿ ಅಂದ್ರು ನಿಂಗೆ?” ಎಂದು ಗುಮಾಸ್ತೆಯನ್ನು ಗದರಿದರು. ಅದನ್ನು ತೆಗೆದುಹಾಕಲು ಆದೇಶಿಸಿರುವುದಿಲ್ಲ. ಬಳಿಕ ಹೊಸ ಅರ್ಜಿಯೊಂದನ್ನು ಎಳೆದುಕೊಂಡು, ಗುಮಾಸ್ತೆಯ ಪೆನ್ಸಿಲ್ ಕೇಳಿ ಪಡೆದು, ನಡುವಿನ ಚೌಕದಲ್ಲಿ ಬೀಗಿತ್ತಿಯ ಹೆಸರನ್ನು, ಅಂದರೆ ಸೊಸೆಯ ತಾಯಿಯ ಹೆಸರನ್ನು, ದುಂಡಗೆ ಬರೆದರು. “ಸಾರ್, ಪೆನ್ಸಿಲ್ ಬಳಸಬಾರದು ಅಂತ ಮೂರನೇ ಕಂಡಿಕೆ...” ಎಂದು ಗುಮಾಸ್ತೆ ಗಮನ ಸೆಳೆದಾಗ, “ಪೆನ್ನಿನ ಮುಚ್ಚಳ ನಿಮ್ಮಪ್ಪ ತಂದ್ಕೊಡ್ತಾನಾ? ಟೈಪ್ ಮಾಡು ಸುಮ್ನೆ” ಎಂದು ಸ್ಪಷ್ಟನೆ ನೀಡಿದರು. ಅರ್ಜಿಯನ್ನು ಮಡಿಸಿ ಅಂಗಿಯ ಜೊತೆಯಲ್ಲೇ ಜೇಬಿಗಿಟ್ಟುಕೊಂಡು, ಮುಚ್ಚಳ ವಸೂಲಿಗೆಂದು ಹೇಳಿ, ಸಾಲಿನಲ್ಲಿದ್ದವರ ನಡುವೆ ಜಾಗ ಮಾಡಿಕೊಂಡು ಹೊರಟರು. ಬೀಗಿತ್ತಿಯ ಮನೆಯ ಕಡೆಯ ಬಸ್ಸು ಹತ್ತಿದ್ದನ್ನು ಮೂರನೇ ಕಿಟಕಿಯಿಂದ ನೋಡಲಾಗಿದೆ. ಕಚೇರಿ ಮುಚ್ಚುವ ವೇಳೆಯಾದರೂ ಅವರು ಹಿಂದಿರುಗಿರುವುದಿಲ್ಲ.

ಮೇಲಿನ ನಿಯಮಗಳು ತಕ್ಷಣದಿಂದ ಜಾರಿಗೆ ಬರುತ್ತವೆ. ಮೂರನೇ ಮತ್ತು ನಾಲ್ಕನೇ ನಿಯಮಗಳ ಸ್ಥಿತಿ ಸದ್ಯಕ್ಕೆ ಗೊತ್ತಿರುವುದಿಲ್ಲ.

ಸಹಿ/- (ಹಾಕಿರುವುದಿಲ್ಲ)
ಮೇಲ್ವಿಚಾರಕರು, ಜನನ ನೋಂದಣಿ ಶಾಖೆ
ಪರವಾಗಿ: ಗುಮಾಸ್ತೆ, ಮೂರನೇ ಕಿಟಕಿ

ಪ್ರತಿಗಳು:
1. ಮಗುವಿನ ತಾಯಿಗೆ – ನಾಲ್ಕನೇ ಕಂಡಿಕೆಯ ಎರಡನೇ ಭಾಗವನ್ನು ನಿಧಾನವಾಗಿ ಓದಿಕೊಳ್ಳಲು.
2. ಬೀಗಿತ್ತಿಯವರಿಗೆ – ಬಾಗಿಲು ತೆರೆಯುವ ಸಲುವಾಗಿ, ಮತ್ತು ಅಂಗಿ ಮಡಿಚುವ ಬಗ್ಗೆ ಮಾರ್ಗದರ್ಶನ ನೀಡಲು.
3. ಮಗುವಿನ ತಂದೆಗೆ – ಮಗುವು ಮುಚ್ಚಳವನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಲು. ಫ್ಯಾನ್ ಅಲ್ಲ, ಮಗುವನ್ನು ನೋಡತಕ್ಕದ್ದು.
4. ಔಷಧಿ ಅಂಗಡಿಯ ಮಾಲೀಕರಿಗೆ – ಬೋರ್ಡಿನ ಬಗ್ಗೆ ಎರಡನೇ ಜ್ಞಾಪನೆ.
5. ಕಚೇರಿ ಪ್ರತಿ – ಮೇಲ್ವಿಚಾರಕರು ಬಂದ ಮೇಲೆ ಸಹಿಗಾಗಿ ಮಂಡಿಸತಕ್ಕದ್ದು. ಆತುರವಿಲ್ಲ.