ಅಮಾಸೆಗೆ ಬರ್ತಿದ್ದ ಫೋಟೋದವರು

ಕತ್ತಲೆ ಬೇಕು ಅಂತ ಹೊರಟವರಿಗೆ ಇಂಥವು ಆಗ್ತಾನೇ ಇರ್ತವೆ. ಬೆಳಕು ಬೇಕು ಅಂದವರಿಗೆ ಇಷ್ಟು ತೊಂದರೆ ಇಲ್ಲ. ದೀಪ ಹಚ್ಚಿದರೆ ಆಯ್ತು.

ನಾನು ಬೆಟ್ಟದಪುರದಲ್ಲಿ ಗಾಡಿ ಹೊಡೀತಿದ್ದೆ. ಮಹಾರಾಜರ ಕಾಲ. ಮೈಸೂರಿಂದ ಒಬ್ಬರು ಫೋಟೋದವರು ಬರ್ತಿದ್ದರು. ಚುಕ್ಕಿಗಳ ಫೋಟೋ ತೆಗೀಬೇಕು ಅಂತ ಅವರಿಗೆ ಹುಚ್ಚು. ಮೈಸೂರಲ್ಲಿ ಬೀದಿಗೆಲ್ಲ ಕರೆಂಟು ದೀಪ ಬಂದು ಚುಕ್ಕಿ ಮಂಕಾಗಿದ್ದವಂತೆ. ಬೆಳದಿಂಗಳಿಲ್ಲದ ದಿನ ನೋಡಿ ಬಂದು ನಮ್ಮೂರ ಛತ್ರದಲ್ಲಿ ಇಳಿಯೋರು. ಬೆಟ್ಟದ ಬುಡದ ಬಂಡೆ ಮೇಲೆ ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿ, ಅದರ ಕಣ್ಣು ತೆರೆದು, ಗಂಟೆಗಟ್ಟಲೆ ಹಂಗೇ ಬಿಡೋರು. ಒಳಗೆ ಚಿತ್ರ ಮೂಡೋ ಗಾಜಿನ ಪ್ಲೇಟು. ಅಷ್ಟು ಹೊತ್ತೂ ಹತ್ತಿರ ಬೆಳಕು ಸುಳೀಬಾರದು.

ಶಿವರಾತ್ರಿಯೊಳಗೆ ಒಂದು ಪ್ಲೇಟಾದರೂ ಸರಿ ಬರದಿದ್ದರೆ ಕ್ಯಾಮೆರಾ ಮಾರಿ ಮಾವನ ಜವಳಿ ಅಂಗಡಿಯಲ್ಲಿ ಕೂರಬೇಕು ಅಂತ ಅವರ ಮನೇಲಿ ತೀರ್ಮಾನ ಆಗಿತ್ತು. ಸೀರೆ ಮಡಿಸೋದು ನೆನೆಸ್ಕೊಂಡರೇ ಅವರ ಮುಖ ಬಾಡೋದು.

ನನ್ನ ಹೆಂಡತಿ ತೀರಿಕೊಂಡ ಮೇಲೆ ರಾತ್ರಿ ಜಗಲಿ ಮೇಲೆ ಕೂತಿರ್ತೀನಿ. ಮೇಲೆ ನೋಡ್ತೀನಿ. ಆಗ ನೆನಪಾಗೋವು ಇವು.

ಪಟೇಲರ ಮರ್ಯಾದೆ

ಮೊದಲ ಸಲ ಬಂದಾಗ ಊರ ಪಟೇಲರಿಗೆ ಸುದ್ದಿ ಹೋಯ್ತು. ಮೈಸೂರಿನ ದೊಡ್ಡ ಮನುಷ್ಯರು ಬಂಡೆ ಮೇಲೆ ಕತ್ತಲಲ್ಲಿ ಕೂತವ್ರೆ, ಒಂದು ಬುಡ್ಡಿ ದೀಪಕ್ಕೂ ಗತಿ ಇಲ್ಲ ಅಂತ. ಪಟೇಲರಿಗೆ ಅವಮಾನ ಆಯ್ತು. ಮದುವೆಗೆ ಅಂತ ಇಟ್ಟಿದ್ದ ಗ್ಯಾಸ್‌ಲೈಟು ಹಚ್ಚಿಸಿ, ಆಳಿನ ತಲೆ ಮೇಲೆ ಹೊರಿಸಿ, ತಾವೇ ಮುಂದೆ ನಡೆದು ಬಂದರು. ಬಂಡೆ ಹಗಲಾಯ್ತು. ಒಂದು ಪ್ಲೇಟು ಹೋಯ್ತು.

ಫೋಟೋದವರು ಕೈ ಮುಗಿದರು. ಅವರ ಕಣ್ಣಲ್ಲಿ ನೀರು. ಪಟೇಲರ ಮನಸ್ಸು ಕರಗಿತು.

"ಅಷ್ಟಕ್ಕೆಲ್ಲ ಕಣ್ಣೀರು ಯಾಕೆ ಸ್ವಾಮಿ? ನಾಳೆ ಎಲ್ಡು ಕಳುಸ್ತೀನಿ ಬುಡಿ."

ಎತ್ತಿಗೆ ರಜಾ

ಅಮಾಸೆ ದಿನ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡೋದಿಲ್ಲ. ಫೋಟೋದವರಿಗೆ ಅಮಾಸೆಯೇ ಬೇಕು. ಕ್ಯಾಮೆರಾ, ಪ್ಲೇಟಿನ ಪೆಟ್ಟಿಗೆ, ಹಾಸಿಗೆ, ನೀರಿನ ಕೊಡ, ಎಲ್ಲ ಗಾಡಿ ಮೇಲೆ ಹೇರಿದ್ದಾಗಿತ್ತು. ಏನು ಮಾಡೋದು ಅಂತ ಹೆಂಡತಿಯನ್ನ ಕೇಳಿದೆ.

"ಅಮಾಸೆ ಎತ್ತಿಗೆ. ಗಂಡಸರಿಗೇನು ಅಮಾಸೆ?" ಅಂದಳು.

ನಾನೂ ಅವರೂ ನೊಗ ಹಿಡಿದು ಎಳೆದೆವು. ಎತ್ತುಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕ್ತಾ ನೋಡ್ತಿದ್ದವು. ಬಂಡೆ ಮುಟ್ಟೋ ಹೊತ್ತಿಗೆ ಇಬ್ಬರಿಗೂ ಜೀವ ಇರಲಿಲ್ಲ. ಕ್ಯಾಮೆರಾ ನಿಲ್ಲಿಸಿ, ಕಣ್ಣು ತೆರೆದು, ಪಕ್ಕದಲ್ಲೇ ಒರಗಿದೆವು. ಎದ್ದಾಗ ಸೂರ್ಯ ಬೆಟ್ಟದ ಮೇಲಿದ್ದ. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿದ್ದು ಕ್ಯಾಮೆರಾ ಒಂದೇ.

ಅರುಂಧತಿ

ಇನ್ನೊಂದು ರಾತ್ರಿ ಮೋಡ ಸರಿಯಲಿ ಅಂತ ಕಾಯ್ತಾ ಕೂತಿದ್ದಾಗ, ಅರುಂಧತಿ ನಕ್ಷತ್ರ ನೋಡಿದೀಯಾ ಅಂತ ಫೋಟೋದವರು ಕೇಳಿದರು. ನೋಡಿದೀನಿ, ಮದುವೇಲಿ ಅಂದೆ. ನಮ್ಮ ಮದುವೇಲಿ ಪುರೋಹಿತರು ಮಟಮಟ ಮಧ್ಯಾಹ್ನ ಮೇಲೆ ಕೈ ತೋರಿಸಿ, ಕಾಣಿಸ್ತಾ ಅಂದಿದ್ದರು. ಕಾಣಿಸ್ತು ಅಂದೆ. ಅವಳೂ ಅಂದಳು. ಚಪ್ಪರದ ಸೋಗೆ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

ಅವರು ನಕ್ಕು, ಮೋಡದ ಸಂದೀಲಿ ನಿಜವಾದ್ದನ್ನ ತೋರಿಸಿದರು. ಸಪ್ತರ್ಷಿಗಳಲ್ಲಿ ಒಬ್ಬರ ಮಗ್ಗುಲಿಗೆ ಅಂಟಿಕೊಂಡು ಒಂದು ಚೂರು ಬೆಳಕು. ನಾನು ಮನೆಗೆ ಓಡಿ ಹೆಂಡತಿಯನ್ನ ಎಬ್ಬಿಸಿ ಅಂಗಳಕ್ಕೆ ಕರೆತಂದೆ. ನನ್ನ ಬೆರಳು ಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು. ಊರೆಲ್ಲ ಮಲಗಿತ್ತು. ಮೇಲೆ ಮಾತ್ರ ಯಾರೂ ಮಲಗಿರಲಿಲ್ಲ.

"ಇಷ್ಟೇಯಾ? ಮದ್ವೆ ದಿನ ನಾ ಕಂಡಿದ್ದು ಇದುಕ್ಕಿಂತ ದೊಡ್ಡದಿತ್ತು ಬುಡಿ," ಅಂದಳು.

ಕೊನೇ ಪ್ಲೇಟು

ಶಿವರಾತ್ರಿ ಹತ್ತಿರ ಬಂತು. ಉಳಿದಿದ್ದು ಒಂದೇ ಪ್ಲೇಟು. ಆವತ್ತು ಮೋಡ ಇಲ್ಲ, ಗಾಳಿ ಇಲ್ಲ. ದೀಪ ಕಳಿಸಬೇಡಿ ಅಂತ ಪಟೇಲರಿಗೂ ಕೈ ಮುಗಿದು ಹೇಳಿ ಆಗಿತ್ತು. ಕ್ಯಾಮೆರಾ ಉತ್ತರಕ್ಕೆ ಮುಖ ಮಾಡಿ ನಿಂತಿತ್ತು. ನಾವು ಹಿಂದೆ ಕಂಬಳಿ ಹೊದ್ದು ಕೂತಿದ್ದೆವು. ಆಕಾಶ ಎಷ್ಟು ಕೆಳಗಿತ್ತು ಅಂದರೆ ಮಾತಾಡೋಕೆ ಸಂಕೋಚ ಆಗೋದು.

ಬುತ್ತಿ ತಂದ ನನ್ನ ಹೆಂಡತಿ ಕ್ಯಾಮೆರಾವನ್ನೇ ನೋಡ್ತಾ ನಿಂತಳು. ಎಷ್ಟೊತ್ತಿಂದ ಹಿಂಗೇ ನೋಡ್ತದೆ ಅಂತ ಮೆಲ್ಲಗೆ ಕೇಳಿದಳು. ಕತ್ತಲಾದಾಗಿಂದ ಅಂದೆ. ಬುತ್ತಿ ಇಟ್ಟು ಮನೆ ಕಡೆ ಹೋದಳು.

ವಾಪಸ್ಸು ಬಂದಾಗ ಸೆರಗಿನ ಮರೇಲಿ ಹಳೇ ಪರಕೆ ಕಡ್ಡಿ ಇತ್ತು. ನಾವು ಏಳೋದರೊಳಗೆ ಅದಕ್ಕೆ ಬೆಂಕಿ ಹಚ್ಚಿ, ಕ್ಯಾಮೆರಾ ಮುಂದೆ ನಿಂತು ಆಕಾಶಕ್ಕೆ ಮೂರು ಸುತ್ತು ನೀವಾಳಿಸಿ, ನೆಲಕ್ಕೆ ಹಾಕಿ ತುಳಿದುಬಿಟ್ಟಳು.

"ಒಕ್ಕಣ್ಣು. ರೆಪ್ಪೆ ಬೇರೆ ಇಲ್ಲ. ಅಷ್ಟೊತ್ತು ನೋಡುದ್ರೆ ಚುಕ್ಕಿಗೆ ದೃಷ್ಟಿ ಆಗಾಕಿಲ್ವಾ?"

ಫೋಟೋದವರು ಬಂಡೆ ಮೇಲೆ ಹಂಗೇ ಮಲಗಿಬಿಟ್ಟರು. ಆಮೇಲೆ ಆಕಾಶ ನೋಡ್ತಾ, ಸೀರೇನ ಮೂರು ಮಡಿಕೆ ಮಡಿಸೋದೋ ನಾಲ್ಕೋ ಅಂತ ನನ್ನ ಕೇಳಿದರು.

ಮೈಸೂರಿಗೆ ಹೋಗಿ ಪ್ಲೇಟು ತೊಳೆದು ನೋಡಿದರೆ, ರಾತ್ರಿ ಆಕಾಶ ತಿರುಗಿದಂಗೆಲ್ಲ ಚುಕ್ಕಿಗಳು ಬಳೆ ಚೂರಿನಂಗೆ ಬಾಗಿದ ಗೆರೆಯಾಗಿ ಬಂದಿದ್ದವು. ಅವುಗಳ ನಡುವೆ ಬೆಂಕಿಯ ಉಂಗುರ ಮೂರು. ಮಾವ ಚುಕ್ಕಿ ಕಡೆ ನೋಡಲೇ ಇಲ್ಲವಂತೆ. ಉಂಗುರ ಏನು ಅಂತ ಕೇಳಿದರಂತೆ. ದೃಷ್ಟಿ ತೆಗೆದದ್ದು ಅಂದ ಕೂಡಲೇ, ಅಂಗಡಿಗೆ ಬೇಕಾಗಿದ್ದೇ ಇದು ಅಂತ ಗಲ್ಲಾಪೆಟ್ಟಿಗೆ ಮೇಲೆ ತೂಗು ಹಾಕಿದರಂತೆ. ಅಳಿಯ ಕೂರಬೇಕಾದ ಕಡೆ ಫೋಟೋ ಕೂತಿತು. ಅಳಿಯ ಬಚಾವಾದರು.

ನನ್ನ ಹೆಂಡತಿಗೂ ಒಂದು ಪ್ರತಿ ತಂದುಕೊಟ್ಟರು. ಬಾಗಿಲ ಬೆಳಕಿಗೆ ಹಿಡಿದು, ಒಂದೊಂದು ಗೆರೆ ಮೇಲೂ ಬೆರಳಾಡಿಸಿದಳು. ಅವಳ ಮುಖ ಸಣ್ಣಗಾಯ್ತು.

"ನೋಡಿ, ಒಂದಾದ್ರೂ ನಿಂತ ಕಡೆ ನಿಂತದಾ? ಎಲ್ಲಾ ಜಾರೋಗವೆ. ನಾ ಬರಾ ವತ್ಗೆ ದೃಷ್ಟಿ ತಗುಲ್ಬುಟ್ಟಿತ್ತು ಕಣ್ರೀ."